ರಜೆಗೆ ಲಾಲ್‌ಬಾಗ್

ಮಕ್ಕಳಿಗೆ ರಜೆ ಬಂತು. ಮನೆಯೊಳಗೆ ಫ್ಯಾನು, ಮೊಬೈಲು ಎರಡಕ್ಕೂ ಬಿಡುವಿಲ್ಲ. ಬೆಂಗಳೂರಲ್ಲಿರುವವರು ಒಂದು ಬೆಳಗ್ಗೆ ಎಲ್ಲರನ್ನೂ ಹೊರಡಿಸಿಕೊಂಡು ಲಾಲ್‌ಬಾಗಿಗೆ ಹೋಗಿಬನ್ನಿ. ಅಜ್ಜಿ-ತಾತನನ್ನು ಬಿಟ್ಟು ಹೋಗಬೇಡಿ, ಮರಗಳ ಹೆಸರು ಗೊತ್ತಿರುವುದು ಅವರಿಗೇ.

1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಈಗ ಸುಮಾರು 240 ಎಕರೆ ಇದೆ. ಪೂರ್ತಿ ಸುತ್ತುವ ಹಟ ಬೇಡ. ಬಿಸಿಲೇರುವ ಮುಂಚೆ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿಬಿಡಿ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ! ಮಕ್ಕಳು ಅದರ ಮೇಲೆ ಅಂಗೈ ಊರಿ ಕೂರಲಿ. ಇಳಿದು ಬಂದು ಹಳೇ ಬೂರುಗದ ಮರ ಹುಡುಕಿ. ಬುಡದ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ. ನಡುವಿನ ಸಂದುಗಳನ್ನು ನೋಡಿದ ಮಕ್ಕಳಿಗೆ ಮೊಬೈಲು ನೆನಪಾಗುವುದಿಲ್ಲ, ನನಗೆ ಆ ನಂಬಿಕೆ ಇದೆ.

ಏಪ್ರಿಲ್ ಹೊತ್ತಿಗೆ ಹೊಂಗೆ ಚಿಗುರಿ ದಟ್ಟ ನೆರಳು ಕೊಡುತ್ತೆ. ಅದರ ಕೆಳಗೆ ಸುಮ್ಮನೆ ಕೂತು, ಉದುರಿದ ಹೂವು ಆರಿಸುತ್ತಾ ಮಾತಾಡಿ. ಇಷ್ಟು ದೊಡ್ಡ ನೆರಳು ನಮ್ಮೆಲ್ಲರದು, ಬಳಸದೆ ಬಿಡುವುದು ಅನ್ಯಾಯ. ನೀರಿನ ಬಾಟಲಿ, ಟೋಪಿ ಮರೆಯಬೇಡಿ. ಮೇ, ಜೂನ್‌ನಲ್ಲಿ ಹೋದರೆ ಸಾಮಾನ್ಯವಾಗಿ ಮಾವಿನ ಮೇಳವೂ ಸಿಗುತ್ತೆ, ಕೈಚೀಲ ಇರಲಿ.