ನೂರು ಆಟ, ಹದಿನಾರು ಗೆಲುವು

ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಸಾಲಿಟೇರ್ ಆಡದವರು ನಮ್ಮಲ್ಲಿ ಕಡಿಮೆ. ಒಬ್ಬರೇ ಆಡುವ ಇಸ್ಪೀಟ್ ಆಟವಿದು. 52 ಎಲೆಗಳಲ್ಲಿ 28 ಎಲೆ ಏಳು ಸಾಲಿನಲ್ಲಿ ಬೀಳುತ್ತವೆ. ಅವುಗಳಲ್ಲಿ 21 ಮುಚ್ಚಿರುತ್ತವೆ. ಉಳಿದ 24 ಕಟ್ಟಿನಲ್ಲಿರುತ್ತವೆ. ನಾಲ್ಕು ಬಗೆಯ ಎಲೆಗಳನ್ನೂ ಎಕ್ಕದಿಂದ ರಾಜನವರೆಗೆ ಜೋಡಿಸಿದರೆ ಗೆಲುವು.

ಶಿವಾಜಿನಗರದ ನಮ್ಮ ಮನೆಯಲ್ಲಿ ಇಸ್ಪೀಟ್ ಎಂದರೆ ಜೂಜು ಎಂದೇ ಅರ್ಥ. ನನ್ನ ಮೊಬೈಲ್ ನೋಡಿದ ದಾದಿ, “ಇದು ಜುವಾ ತಾನೇ ಬೇಟಾ?” ಎಂದರು. ಹಣ ಕಟ್ಟಿಲ್ಲ, ಎದುರಾಳಿಯೂ ಇಲ್ಲ ಎಂದೆ. “ಹಾಗಾದರೆ ಎಷ್ಟು ಸಲ ಗೆದ್ದಿದ್ದೀ?” ಎಂದು ಕೇಳಿದರು. ಅಂದಿನಿಂದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪ್ರತಿ ಆಟವನ್ನೂ ಬರೆದೆ. ನೂರರಲ್ಲಿ ಹದಿನಾರು.

1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕೂಡ ಸಾಲಿಟೇರ್ ಆಡುತ್ತ ಇದೇ ಪ್ರಶ್ನೆ ಕೇಳಿಕೊಂಡರು. ಸೂತ್ರದಿಂದ ಉತ್ತರ ಸಿಗಲಿಲ್ಲ. ನೂರು ಸಲ ಆಡಿ ಗೆಲುವನ್ನು ಎಣಿಸಿದರೆ ಸಾಲದೇ ಎಂದು ಯೋಚಿಸಿದರು. ಅದರಿಂದ ಬೆಳೆದದ್ದೇ ಮಾಂಟೆ ಕಾರ್ಲೊ ವಿಧಾನ. ಹೂಡಿಕೆಯ ನಷ್ಟವನ್ನು ಅಂದಾಜು ಮಾಡಲು ಬ್ಯಾಂಕುಗಳೂ ಇದನ್ನು ಬಳಸುತ್ತವೆ.

ಎಲ್ಲ ಎಲೆಗಳೂ ಎಲ್ಲಿವೆ ಎಂದು ಮೊದಲೇ ಗೊತ್ತಿದ್ದರೆ ನೂರರಲ್ಲಿ ಸುಮಾರು 82 ಆಟ ಗೆಲ್ಲಬಹುದೆಂದು ಕಂಪ್ಯೂಟರ್ ಲೆಕ್ಕ ಹೇಳುತ್ತದೆ. ನಮಗೆ ಗೊತ್ತಿರುವುದಿಲ್ಲ. ಕೆಂಪು ಹತ್ತರ ಮೇಲೆ ಇಡಲು ಎರಡು ಕಪ್ಪು ಒಂಬತ್ತುಗಳಿದ್ದರೆ, ಯಾವುದರ ಕೆಳಗೆ ಎಕ್ಕವಿದೆಯೋ! ಗೆಲ್ಲಬಹುದಾದ ಆಟ ಬೇರೆ, ಗೆದ್ದ ಆಟ ಬೇರೆ.

ಇದು ನನಗೆ ಹೆಚ್ಚು ಅರ್ಥವಾದದ್ದು ಕೆ.ಆರ್. ಪುರದಲ್ಲಿರುವ ನಮ್ಮ ಚಾಚಾನ ಮಗನಿಂದ. ಅಣ್ಣ ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದರು. ಗೆದ್ದ ದಿನ ಮನೆಗೆ ಬಿರಿಯಾನಿ ಬರುತ್ತಿತ್ತು. ಸೋತ ದಿನ ಮಾತೇ ಇರುತ್ತಿರಲಿಲ್ಲ. ಹಾಗಾಗಿ ಅವರು ಗೆಲ್ಲುತ್ತಲೇ ಇದ್ದಾರೆಂದು ನಾವೆಲ್ಲ ನಂಬಿದ್ದೆವು. ಬೈಕಿನ ಕಂತು ತಪ್ಪಿದಾಗಲೇ ಚಾಚಿಗೆ ವಿಷಯ ತಿಳಿದದ್ದು. ಅಲ್ಲಿ ಯಾರು ಗೆದ್ದರೂ ಆಡಿಸುವವರು ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಅಣ್ಣನ ಸಾಲ ಇನ್ನೂ ತೀರಿಲ್ಲ.

ನಾವು ಕಾಮರ್ಸ್ ವಿದ್ಯಾರ್ಥಿಗಳು. ಬಂದದ್ದನ್ನು ಮಾತ್ರ ಬರೆದು ಹೋದದ್ದನ್ನು ಬಿಟ್ಟರೆ ಅದು ಲೆಕ್ಕವಲ್ಲ. ಕಳೆದ ತಿಂಗಳು ಅಣ್ಣನೂ ನಾನೂ ಬ್ಯಾಂಕಿನ ಸ್ಟೇಟ್‌ಮೆಂಟ್ ಇಟ್ಟುಕೊಂಡು ಆರು ತಿಂಗಳ ಆಟಗಳನ್ನು ಎರಡು ಕಾಲಂಗಳಲ್ಲಿ ಬರೆದೆವು. ಒಟ್ಟು ಮೊತ್ತವನ್ನು ಅಣ್ಣನೇ ಹಾಕಿದರು, ಎರಡು ಸಲ.