ನಾಲ್ಕು ಪುತ್ಥಳಿಗಳಿಂದ ಅನ್ನಛತ್ರದವರೆಗೆ

ಸೊಲ್ಲಾಪುರಕ್ಕೆ ಬಂದವರು ‘ಚಾರ್ ಪುತಳಾ’ ಎಂದರೆ ಸಾಕು, ರಿಕ್ಷಾದವರು ಬೇರೆ ಗುರುತು ಕೇಳುವುದಿಲ್ಲ. ಅಲ್ಲಿರುವವರು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಮತ್ತು ಕುರ್ಬಾನ್ ಹುಸೇನ್. 1931ರ ಜನವರಿ 12ರಂದು ಯರವಡಾ ಕಾರಾಗೃಹದಲ್ಲಿ ಈ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಅವರು ಹುಟ್ಟಿದ ಮನೆಗಳು ಬೇರೆ ಬೇರೆ, ಮತಗಳೂ ಬೇರೆ; ಇಳಿದ ಬೀದಿ ಮಾತ್ರ ಒಂದೇ.

ಅದರ ಹಿಂದಿನ ವರ್ಷ ಮೇ 5ರಂದು ಗಾಂಧೀಜಿಯವರ ಬಂಧನವಾದಾಗ ಗಿರಣಿಗಳ ಈ ಊರು ಹೊತ್ತಿ ಉರಿಯಿತು. ಮೇ 8ರಂದು ಗೋಲಿಬಾರ್ ನಡೆಯಿತು. ಕೆಲವು ದಿನ ಊರು ಸರಕಾರದ ಕೈಯಲ್ಲಿರಲಿಲ್ಲ. ಮೇ 12ರಂದು ಲಷ್ಕರಿ ಕಾಯದೆ ಜಾರಿಗೆ ಬಂದಿತು. ಪೊಲೀಸರ ಕೊಲೆಗಳೂ ಆಗ ನಡೆದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆ ಆರೋಪದ ಮೇಲೆಯೇ ನಾಲ್ವರ ವಿಚಾರಣೆ ನಡೆದದ್ದು.

ಇದೇ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಅಮೇರಿಕನ್ ಮರಾಠಿ ಮಿಷನ್ನಿನವರು ನೆಲೆಸಿ ಶಾಲೆಗಳನ್ನು ನಡೆಸುತ್ತಿದ್ದರು. ಅವರನ್ನು ಕಳುಹಿಸಿದ ಅಮೇರಿಕನ್ ಬೋರ್ಡಿನದೇ ಇನ್ನೊಂದು ಶಾಖೆ ಮಧುರೆಯಲ್ಲಿತ್ತು. ಸೊಲ್ಲಾಪುರ ಉರಿದ ವರ್ಷದಲ್ಲಿಯೇ ಅಲ್ಲಿನ ಪಾದ್ರಿ ರಾಲ್ಫ್ ರಿಚರ್ಡ್ ಕೀಥಾನ್ ತಮ್ಮ ಮನೆಗೆ ಒಬ್ಬ ಅತಿಥಿಯನ್ನು ಬರಮಾಡಿಕೊಂಡರು. ಆತ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣ, ಕ್ವೇಕರ್ ಪಂಥದವನು. ದಾಂಡಿಯಾತ್ರೆಗೆ ಮುನ್ನ ಗಾಂಧೀಜಿ ವೈಸರಾಯರಿಗೆ ಬರೆದ ಪತ್ರವನ್ನು ದಿಲ್ಲಿಗೆ ಒಯ್ದವನು. ಅವನಿಗೆ ಆಶ್ರಯ ಕೊಟ್ಟ ಕಾರಣಕ್ಕೆ ಕೀಥಾನರು ಭಾರತವನ್ನು ಬಿಡಬೇಕಾಯಿತು. ಅತಿಥಿಗೆ ಹಾಸಿಗೆ ಹಾಸುವುದು ದಂಡಸಂಹಿತೆಯ ಯಾವ ಕಲಮಿನಲ್ಲಿಯೂ ಅಪರಾಧವಲ್ಲ. ಆದರೆ ಪರದೇಶದ ಮಿಷನ್ನುಗಳು ಸರಕಾರಕ್ಕೆ ನಿಷ್ಠೆಯ ಮುಚ್ಚಳಿಕೆ ಕೊಟ್ಟೇ ಇಲ್ಲಿ ಕೆಲಸ ಮಾಡಬೇಕಾಗಿತ್ತು. ಆ ಮುಚ್ಚಳಿಕೆಯ ನೆರಳಿನಲ್ಲಿ ಹೆಚ್ಚಿನವರು ಸುಮ್ಮನಿದ್ದರು. ಪರಕೀಯನನ್ನು ಒಳಗೆ ಕರೆದುಕೊಳ್ಳಿರೆಂದು ಅವರ ಧರ್ಮಗ್ರಂಥ ಹೇಳುತ್ತದೆ. ಯಾವ ಪರಕೀಯ ಎಂದು ಸರಕಾರವನ್ನು ಕೇಳಿ ನಿರ್ಧರಿಸಿರೆಂದು ಹೇಳುವುದಿಲ್ಲ. ಕೀಥಾನರು ಮುಂದೆ ಮರಳಿ ಬಂದರು. ಸ್ವಾತಂತ್ರ್ಯಾನಂತರ ದಿಂಡಿಗಲ್ಲಿನ ಬಳಿಯ ಗಾಂಧಿಗ್ರಾಮದಲ್ಲಿ ದುಡಿದರು.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಎರೆಮಣ್ಣಿನ ಹೊಲಗಳ ನಡುವಿನ ಈ ದಾರಿಯಲ್ಲಿ ಕನ್ನಡ ಕ್ರಮೇಣ ಗಟ್ಟಿಯಾಗುತ್ತದೆ. ಊರಿನ ಹೆಸರು ಮಹಾರಾಷ್ಟ್ರದಾದ್ಯಂತ ತಿಳಿದಿರುವುದು 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರಿಂದ. ಅಲ್ಲಿನ ಅನ್ನಛತ್ರದಲ್ಲಿ ಯಾವ ಊರು, ಯಾವ ಮಾತು ಎಂದು ಕೇಳದೆ ಉಣಬಡಿಸುತ್ತಾರೆ. ದಾಸೋಹವನ್ನು ಬಲ್ಲ ಈ ಸೀಮೆಯವರಿಗೆ ಅದೇನೂ ಸೋಜಿಗವಲ್ಲ. ಸೋಜಿಗಪಡುವವರು ಪುಣೆ, ಮುಂಬಯಿಯ ಕಡೆಯವರು.

ಉಣಿಸುವುದು ಸುಲಭ ಎನ್ನುವುದು ಅನ್ಯಾಯದ ಮಾತಾದೀತು. ಆದರೂ ಎಲೆಯ ಮುಂದೆ ಕುಳಿತವನ ಹಸಿವನ್ನಷ್ಟೇ ತಣಿಸಿ ಅವನ ಅಹವಾಲನ್ನು ಹೊಸಿಲಿನ ಹೊರಗೇ ಬಿಟ್ಟರೆ ಆತಿಥ್ಯ ಅರ್ಧಕ್ಕೇ ನಿಂತಂತೆ. ಕೀಥಾನರಿಗೆ ಬೆಲೆ ತೆರಬೇಕಾಗಿ ಬಂದದ್ದು ಉಳಿದ ಅರ್ಧಕ್ಕೆ.

ಈ ತಾಲೂಕಿನ ಕನ್ನಡ ಶಾಲೆಗಳ ಪಾಲಕರಿಗೆ ಇದು ದೂರದ ವಿಷಯವಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. ಶಸ್ತ್ರವಿಲ್ಲದೆ, ಶಾಂತವಾಗಿ ಸೇರುವ ಹಕ್ಕನ್ನು 19ನೆಯ ಅನುಚ್ಛೇದ ಕೊಡುತ್ತದೆ. ಮೊದಲನೆಯದು ಕಾಗದದಲ್ಲಿಯೇ ಉಳಿದಾಗ ಎರಡನೆಯದನ್ನು ಹಿಡಿದು ತಹಸೀಲ ಕಚೇರಿಯ ಮುಂದೆ ಜಮಖಾನೆ ಹಾಸಬೇಕಾಗುತ್ತದೆ. ಆ ದಿನ ಮರಾಠಿ ಶಾಲೆಯ ಪಾಲಕನೊಬ್ಬ ತನಗೆ ಸಂಬಂಧವಿಲ್ಲದ ಬೇಡಿಕೆಗಾಗಿ ಬಂದು ಪಕ್ಕದಲ್ಲಿ ಕುಳಿತರೆ ಅವನಿಗೆ ನೀರು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅವನ ಶಾಲೆಯ ಸರದಿ ಬಂದ ದಿನ ಕನ್ನಡದ ಮನೆಗಳಿಂದ ಎಷ್ಟು ಜನ ಹೊರಡುತ್ತಾರೆ ಎಂಬುದನ್ನು ಆ ಮನೆಗಳವರೇ ಹೇಳಬೇಕು.