ಎಡಮಗ್ಗುಲಿನ ಎಂಟು ದೋಣಿಗಳು

ರಾತ್ರಿ ಹನ್ನೊಂದು ಗಂಟೆ, 1956ರ ಜುಲೈ 25. ಬೆಳಗಾದರೆ ನ್ಯೂಯಾರ್ಕ್. ಕ್ಯಾಬಿನ್ನುಗಳ ಹೊರಗೆ ಓಣಿಯುದ್ದಕ್ಕೂ ಸೂಟ್‌ಕೇಸುಗಳು. ಇಳಿಯುವಾಗ ಗಡಿಬಿಡಿ ಬೇಡವೆಂದು ಈಗಲೇ ತಂದಿಟ್ಟಿದ್ದಾರೆ. ಮೇಲೆ ಲೌಂಜಿನಲ್ಲಿ ವಾದ್ಯದವರು ನುಡಿಸುತ್ತಿದ್ದಾರೆ, ಕೊನೆಯ ರಾತ್ರಿಯೆಂದು ಜನ ಕುಣಿಯುತ್ತಿದ್ದಾರೆ. ಕೆಳಗೆ, ಸಿ ಡೆಕ್ಕಿನ ಇಕ್ಕಟ್ಟು ಕೋಣೆಗಳಲ್ಲಿ, ಇಟಲಿ ಬಿಟ್ಟು ಹೊರಟ ಸಂಸಾರಗಳು ಮಕ್ಕಳನ್ನು ಮಲಗಿಸಿವೆ. ಹಡಗಿನ ಕೊಂಬು ಮಾತ್ರ ಮಧ್ಯಾಹ್ನದಿಂದ ಬಿಡದೆ ಕೂಗುತ್ತಿದೆ. ಹೊರಗೆ ದಟ್ಟ ಮಂಜು.

ಹಡಗಿನ ಹೆಸರು ಆಂಡ್ರಿಯಾ ಡೋರಿಯಾ. ಸುಮಾರು 212 ಮೀಟರ್ ಉದ್ದ, ಮೂರು ದರ್ಜೆಗೆ ಮೂರು ಈಜುಕೊಳ, ಗೋಡೆ ಗೋಡೆಯಲ್ಲೂ ಚಿತ್ರಕಲೆ. ಯುದ್ಧದಲ್ಲಿ ನೆಲಕಚ್ಚಿದ್ದ ಇಟಲಿಯ ಹೆಮ್ಮೆ. ಒಳಗೆ 1,706 ಜನ. ಬ್ರಿಜ್ ಮೇಲೆ ಕ್ಯಾಪ್ಟನ್ ಪಿಯೆರೊ ಕಲಮಾಯ್ ನಿಂತಿದ್ದಾರೆ. ಮಂಜಿಗೆಂದು ವೇಗ ತಗ್ಗಿಸಿದ್ದಾರೆ, 23 ನಾಟ್‌ನಿಂದ 21.8ಕ್ಕೆ. ಇದನ್ನು ತಗ್ಗಿಸುವುದೆನ್ನಬೇಕೋ ಬೇಡವೋ ನೀವೇ ಹೇಳಿ. ಆದರೆ ಹೇಳಿದ ಹೊತ್ತಿಗೆ ದಡ ಮುಟ್ಟಿಸುವುದು ಆ ಕಾಲದ ಕ್ಯಾಪ್ಟನ್‌ಗಳೆಲ್ಲರ ಕೊರಳಿಗೆ ಬಿದ್ದ ಕುಣಿಕೆ.

ರಾಡಾರಿನಲ್ಲಿ ಒಂದು ಚುಕ್ಕೆ. ಅಂದು ಬೆಳಿಗ್ಗೆ ನ್ಯೂಯಾರ್ಕ್ ಬಿಟ್ಟ ಸ್ವೀಡನ್ನಿನ ಹಡಗು ಸ್ಟಾಕ್‌ಹೋಮ್ ಅದು. ಅದರ ರಾಡಾರಿನಲ್ಲೂ ಈ ಹಡಗು ಕಾಣುತ್ತಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದಾರೆ, ರೇಡಿಯೊದಲ್ಲಿ ಒಂದು ಮಾತು ಕೇಳಿದವರಿಲ್ಲ. ಮಂಜಿನೊಳಗಿಂದ ದೀಪಗಳು ಕಂಡಾಗ ತೀರಾ ಹತ್ತಿರ. ಸ್ಟಾಕ್‌ಹೋಮ್ ಬಲಕ್ಕೆ ತಿರುಗುತ್ತದೆ. ಆಂಡ್ರಿಯಾ ಡೋರಿಯಾ ಎಡಕ್ಕೆ.

11 ಗಂಟೆ 10 ನಿಮಿಷ. ಹಿಮ ಒಡೆಯಲೆಂದು ಗಟ್ಟಿ ಮಾಡಿದ್ದ ಸ್ಟಾಕ್‌ಹೋಮ್‌ನ ಮೂತಿ, ಬ್ರಿಜ್‌ನ ಕೆಳಗೆ ಬಲಮಗ್ಗುಲನ್ನು ಸೀಳಿ ಹತ್ತು ಮೀಟರಿಗೂ ಹೆಚ್ಚು ಒಳಗೆ ನುಗ್ಗುತ್ತದೆ. ಮರುಗಳಿಗೆ ಹೊರಬರುತ್ತದೆ. ಬಂದ ದಾರಿಯಲ್ಲಿ ಸಮುದ್ರ ಒಳಗೆ.

ಪ್ರಯಾಣ ಮುಗಿಯುವ ಹೊತ್ತಾದ್ದರಿಂದ ಇಂಧನದ ಟ್ಯಾಂಕುಗಳು ಬರಿದಾಗಿದ್ದವು. ಸಮತೋಲಕ್ಕೆ ಅವುಗಳಿಗೆ ನೀರು ತುಂಬಿಸಿರಲಿಲ್ಲ. ಈಗ ಒಡೆದ ಬಲಭಾಗದ ಟ್ಯಾಂಕುಗಳಲ್ಲಿ ನೂರಾರು ಟನ್ ಸಮುದ್ರದ ನೀರು, ಎಡಭಾಗದವುಗಳಲ್ಲಿ ಬರೀ ಗಾಳಿ. ಕೆಲವೇ ನಿಮಿಷಗಳಲ್ಲಿ ಹಡಗು 18 ಡಿಗ್ರಿ ವಾಲಿ, ಅಲ್ಲಿಗೂ ನಿಲ್ಲದೆ ಇನ್ನೂ ವಾಲುತ್ತಿದೆ. ಹದಿನೈದು ಡಿಗ್ರಿ ದಾಟಿದರೆ ದೋಣಿ ಇಳಿಸುವ ಲೆಕ್ಕಾಚಾರವೇ ತಲೆಕೆಳಗು.

ಟೈಟಾನಿಕ್‌ನಲ್ಲಿ ದೋಣಿ ಸಾಲಲಿಲ್ಲ ಎಂಬುದು ನಮಗೆಲ್ಲ ಗೊತ್ತು. ಇಲ್ಲಿ ಎಲ್ಲರಿಗೂ ಸಾಲುವಷ್ಟು ದೋಣಿಗಳಿವೆ, ಹದಿನಾರು. ಎಡಮಗ್ಗುಲಿನಲ್ಲಿ ಎಂಟು, ಬಲಮಗ್ಗುಲಿನಲ್ಲಿ ಎಂಟು.

ನೀವು ಓಣಿಯಲ್ಲಿದ್ದೀರಿ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಗೋಡೆಯ ಮೇಲೆ. ಎಣ್ಣೆ ಬೆರೆತ ನೀರು ಹರಡಿ ನೆಲ ಮಳೆಗಾಲದ ಬಾವಿಕಟ್ಟೆಯ ಹಾಗೆ ಜಾರುತ್ತಿದೆ. ಹೆಂಗಸರು ಚಪ್ಪಲಿ ಕಳಚಿ ಎಸೆದಿದ್ದಾರೆ. ಸಾಲಾಗಿ ನಿಂತಿದ್ದ ಸೂಟ್‌ಕೇಸುಗಳೆಲ್ಲ ಈಗ ತಗ್ಗಿನ ಗೋಡೆಗೆ ಒಟ್ಟಿಕೊಂಡು ದಾರಿ ಕಟ್ಟಿವೆ. ಏನಾಯಿತೆಂದು ಯಾರೂ ಹೇಳುತ್ತಿಲ್ಲ. ಗಾಬರಿ ಎದ್ದೀತೆಂಬ ಭಯಕ್ಕೆ ಹಡಗು ಬಿಡುವ ಗಂಟೆಯನ್ನು ಕಲಮಾಯ್ ಬಾರಿಸಿಲ್ಲ. ಜನ ತಾವಾಗಿಯೇ ಎತ್ತರದ ಕಡೆಗೆ ತೆವಳುತ್ತಾರೆ, ಎಡಮಗ್ಗುಲಿಗೆ. ಅಲ್ಲಿ ಎಂಟು ದೋಣಿಗಳು ಹಡಗಿನ ಮೈಮೇಲೆಯೇ ಒರಗಿ ಕೂತಿವೆ. ನಾವಿಕರು ತಳ್ಳಿ ನೋಡಿದ್ದಾರೆ, ಒಂದೂ ಜಾರುವುದಿಲ್ಲ.

ಬಲಮಗ್ಗುಲಿನವು ಇನ್ನೊಂದು ಬಗೆಯ ಪೇಚು. ಅವು ಹಡಗಿನಿಂದ ದೂರಕ್ಕೆ ತೂಗಾಡುತ್ತಿರುವುದರಿಂದ ಡೆಕ್ಕಿನಿಂದ ಕಾಲಿಡುವಂತಿಲ್ಲ. ಖಾಲಿ ದೋಣಿಯನ್ನೇ ನೀರಿಗಿಳಿಸಬೇಕು, ಆಮೇಲೆ ಜನ ಹಗ್ಗ, ಬಲೆ ಹಿಡಿದು ಕೆಳಗಿಳಿಯಬೇಕು. ಮಕ್ಕಳನ್ನು ಮೇಲಿನಿಂದ ಎಸೆಯುತ್ತಿದ್ದಾರೆ, ಕೆಳಗೆ ಕಂಬಳಿ ಹಿಡಿದು ನಿಂತಿದ್ದಾರೆ. ನಾಲ್ಕು ವರ್ಷದ ಒಂದು ಹುಡುಗಿಯ ತಲೆ ದೋಣಿಗೆ ಬಡಿಯಿತು. ಅವಳು ಬೋಸ್ಟನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೊದಲು ಸ್ಟಾಕ್‌ಹೋಮ್ ಮುಟ್ಟಿದ ದೋಣಿಗಳಲ್ಲಿ ಪ್ರಯಾಣಿಕರಿಗಿಂತ ಹಡಗಿನ ಸಿಬ್ಬಂದಿಯೇ ಹೆಚ್ಚಿದ್ದರು. ಅದೇ ಹೊತ್ತಿನಲ್ಲಿ, ಜಜ್ಜಿಹೋದ ಒಂದು ಕ್ಯಾಬಿನ್ನಿನಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಬಿಡಿಸಲು ಅವಳ ಗಂಡನೂ ಒಬ್ಬ ವೇಟರನೂ ಗಂಟೆಗಟ್ಟಲೆ ಒದ್ದಾಡುತ್ತಿದ್ದರು. ಬೇರೆ ಹಡಗಿನಿಂದ ಜಾಕ್ ತಂದರೂ ಅವಳು ಉಳಿಯಲಿಲ್ಲ. ಎರಡೂ ಒಂದೇ ಹಡಗಿನ ಮಾತು.

ರೇಡಿಯೊದಲ್ಲಿ ಕಲಮಾಯ್ ಬೇಡುತ್ತಿರುವುದು ಒಂದನ್ನೇ: ದೋಣಿ ಕಳಿಸಿ. ಹತ್ತಿರವಿದ್ದ ಸರಕು ಹಡಗು ಕೇಪ್ ಆನ್ ಬಂದಿದೆ, ಅದರಲ್ಲಿರುವುದು ಎರಡೇ ದೋಣಿ. 44 ನಾಟಿಕಲ್ ಮೈಲಿ ಆಚೆ, ಫ್ರಾನ್ಸಿನತ್ತ ಹೊರಟ ಈಲ್ ದ ಫ್ರಾನ್ಸ್‌ನ ಕ್ಯಾಪ್ಟನ್ ರಾವುಲ್ ದ ಬೋದೆಯಾಂ ಕರೆ ಕೇಳಿ ಯೋಚಿಸುತ್ತಾರೆ. ನೂರಾರು ಪ್ರಯಾಣಿಕರು ಮಲಗಿದ್ದಾರೆ, ಮಂಜು ಬೇರೆ. ಹಡಗು ಹಿಂದಕ್ಕೆ ತಿರುಗುತ್ತದೆ.

ಎರಡು ಗಂಟೆಯ ಸುಮಾರಿಗೆ ಮಂಜು ಸರಿಯುತ್ತದೆ. ಆ ಮುದಿ ಹಡಗು ಇದ್ದಬದ್ದ ದೀಪಗಳನ್ನೆಲ್ಲ ಹೊತ್ತಿಸಿಕೊಂಡು, ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರನ್ನು ಬೆಳಗಿಸಿಕೊಂಡು ಬಲಮಗ್ಗುಲಿಗೆ ಬಂದು ನಿಲ್ಲುತ್ತದೆ. ದೀಪ ಹೊತ್ತಿಸುವುದು ರಕ್ಷಣೆಯ ಯಾವ ನಿಯಮದಲ್ಲೂ ಇದ್ದಿರಲಾರದು. ನನ್ನ ಮಟ್ಟಿಗೆ ಆ ರಾತ್ರಿಯ ಅತ್ಯಂತ ಜಾಣ ಕೆಲಸ ಅದೇ. ಅದರ ದೋಣಿಗಳು ಹೋಗಿಬಂದು 753 ಜನರನ್ನು ಹೊತ್ತೊಯ್ಯುತ್ತವೆ. ಎಡಮಗ್ಗುಲಿನ ಕಟಕಟೆಗೆ ಜೋತುಬಿದ್ದವರಿಗೆ ಮಾತ್ರ ಇದೊಂದೂ ಕಾಣುವುದಿಲ್ಲ. ಬೆಳಕಿರುವುದು ಹಡಗಿನ ಇನ್ನೊಂದು ಬದಿಗೆ. ಅವರು ಇಳಿಜಾರಿನಲ್ಲಿ ಕೂತು ಜಾರುತ್ತಾ ಆಚೆ ಹೋಗಬೇಕು.

ಬೆಳಗಿನ ಜಾವ ಐದೂವರೆ. ಹಡಗು ಬಿಟ್ಟು ಬರಲೊಲ್ಲದ ಕಲಮಾಯ್‌ರನ್ನು ಕೈಕೆಳಗಿನ ಅಧಿಕಾರಿಗಳು ಒಪ್ಪಿಸಿ ಇಳಿಸುತ್ತಾರೆ. 10 ಗಂಟೆ 9 ನಿಮಿಷಕ್ಕೆ, ಡಿಕ್ಕಿಯಾಗಿ ಹನ್ನೊಂದು ಗಂಟೆಯ ಮೇಲೆ, ಆಂಡ್ರಿಯಾ ಡೋರಿಯಾ ಮಗುಚಿ ಮುಳುಗುತ್ತದೆ. ಸತ್ತವರು ಇದರಲ್ಲಿ 46, ಸ್ಟಾಕ್‌ಹೋಮ್‌ನಲ್ಲಿ 5. ಹೆಚ್ಚಿನವರೆಲ್ಲ ಡಿಕ್ಕಿಯ ಏಟಿಗೇ ಹೋದವರು.

ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ನೆಂಟರು ಪಟ್ಟಿ ಹಿಡಿದು ನಿಂತಿದ್ದಾರೆ. ಬದುಕಿದವರು ಹಲವು ಹಡಗುಗಳಲ್ಲಿ ಹಂಚಿಹೋಗಿದ್ದಾರೆ, ತಾಯಿ ಒಂದರಲ್ಲಿ, ಮಗು ಮತ್ತೊಂದರಲ್ಲಿ. ಹದಿನಾಲ್ಕು ವರ್ಷದ ಒಬ್ಬಳು ಯಾವ ದೋಣಿಯನ್ನೂ ಹತ್ತಿದವಳಲ್ಲ. ಡಿಕ್ಕಿಯಾದಾಗ ಹಾಸಿಗೆಯಿಂದ ಚಿಮ್ಮಿ ಸ್ಟಾಕ್‌ಹೋಮ್‌ನ ನುಜ್ಜುಗುಜ್ಜಾದ ಮೂತಿಯ ಮೇಲೆ ಬಿದ್ದವಳು, ಜೀವಂತ. ಅವಳ ಹೆಸರು ಇಟಲಿಯ ಹಡಗಿನ ಪಟ್ಟಿಯಲ್ಲಿದೆ, ಅವಳಿರುವುದು ಸ್ವೀಡನ್ನಿನ ಹಡಗಿನಲ್ಲಿ. ಆ ಹಡಗು ಕುಂಟುತ್ತಾ ದಡ ಮುಟ್ಟುವುದು 27ರಂದು. ಅಲ್ಲಿಯವರೆಗೆ ಕಟ್ಟೆಯವರು ಕಾಯಬೇಕು. ಪಟ್ಟಿಯಲ್ಲಿ ಗೆರೆ ಬೀಳದೆ ಉಳಿದ ಐನೂರು ಚಿಲ್ಲರೆ ಹೆಸರುಗಳು ಅದರಲ್ಲಿವೆ.